ಹೆಜ್ಜೆ ಇಡುವ ಮುನ್ನ ಬಂಡೆ ತಟ್ಟಿ ನೋಡಿ

ಕೆಜಿಎಫ್, ಬಂಗಾರಪೇಟೆ ಕಡೆಯ ನಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಈ ಕಿವಿಮಾತು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು, ಬೆಮೆಲ್ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿರುವವರು, ಊರಲ್ಲೇ ಉಳಿದು ಟೊಮ್ಯಾಟೊ ತೋಟ ನೋಡಿಕೊಳ್ಳುವವರು, ಕಾಲೇಜಿನಲ್ಲಿ ಓದುವವರು, ಎಲ್ಲರೂ ದಿನಕ್ಕೆ ಹತ್ತಾರು ಸಲ ಯಾವುದಾದರೂ ಒಂದು ತೀರ್ಮಾನಕ್ಕೆ ಬರುತ್ತೀರಿ. ಆ ತೀರ್ಮಾನ ಎಷ್ಟು ಗಟ್ಟಿ ಎಂದು ನೋಡಿಕೊಳ್ಳುವ ಅಭ್ಯಾಸ ನಿಮಗಿರಲಿ ಎಂಬುದು ನನ್ನ ಆಸೆ.

ತೀರ್ಮಾನಕ್ಕೆ ಬರುವ ದಾರಿ ಮುಖ್ಯವಾಗಿ ಎರಡು. ಹಲವು ಸಲ ಕಂಡದ್ದನ್ನು ಕೂಡಿಸಿ ಒಂದು ನಿಯಮಕ್ಕೆ ಬರುವುದು ಅನುಗಮನ. ಗೊತ್ತಿರುವ ನಿಯಮವನ್ನು ಕಣ್ಣೆದುರಿನ ಸಂಗತಿಗೆ ಹಚ್ಚಿ ತೀರ್ಮಾನ ಪಡೆಯುವುದು ನಿಗಮನ. ನಮ್ಮ ಕೆಜಿಎಫ್ ಚಿನ್ನದ ಗಣಿಯ ಕಾರ್ಮಿಕರಿಗೆ ಇವೆರಡೂ ಪ್ರಾಣದ ಪ್ರಶ್ನೆಯಾಗಿದ್ದವು. ಕೆಲಸದ ಜಾಗಕ್ಕೆ ಇಳಿದ ಕೂಡಲೇ ಹಾರೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ಕಿವಿಗೊಡುತ್ತಿದ್ದರು. ಠಣ್ ಎಂದರೆ ಬಂಡೆ ಗಟ್ಟಿ, ಡಬ್ ಎಂದರೆ ಸಡಿಲ. ತಲೆಮಾರುಗಳ ಕಾಲ ಕೇಳಿದ ಸದ್ದುಗಳಿಂದ ಆ ನಿಯಮ ಹುಟ್ಟಿತ್ತು. ಈಗ ಕೇಳಿದ ಸದ್ದಿಗೆ ಅದನ್ನು ಹಚ್ಚಿ, ನಿಲ್ಲುವುದೋ ಸರಿಯುವುದೋ ಎಂದು ಆ ಕ್ಷಣದಲ್ಲೇ ನಿರ್ಧರಿಸುತ್ತಿದ್ದರು. ನೀವು ಗಣಿಗೆ ಇಳಿಯಬೇಕಾಗಿಲ್ಲ, ಆದರೆ ತಟ್ಟಿ ನೋಡುವ ಗುಣ ಬಿಡಬೇಡಿ.

ಕಂಡದ್ದರಿಂದ ನಿಯಮಕ್ಕೆ ಬರುವಾಗ

• ಒಂದಗುಳು ಎಲ್ಲಿ ಸಾಕು, ಎಲ್ಲಿ ಸಾಲದು ಎಂದು ಮೊದಲು ಕೇಳಿಕೊಳ್ಳಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು, ಯಾಕೆಂದರೆ ಪಾತ್ರೆಯ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಉರಿ. ಚಿನ್ನದ ಅದಿರಿನ ಪದರ ಹಾಗಿರುವುದಿಲ್ಲ. ಒಂದು ಕಡೆ ಹೊಳೆಯುವ ಚಿನ್ನ, ಹತ್ತು ಅಡಿ ಆಚೆ ಬರೀ ಬೆಣಚುಕಲ್ಲು. ಅದಕ್ಕೇ ಗಣಿಯವರು ಪದರದ ಉದ್ದಕ್ಕೂ ಅಳೆದ ಅಂತರದಲ್ಲಿ ಚೂರು ತೆಗೆದು, ಪರೀಕ್ಷಿಸಿ, ಸರಾಸರಿ ಹಾಕುತ್ತಿದ್ದರು. ಕೈಗೆ ಸಿಕ್ಕ ಒಳ್ಳೆಯ ಚೂರನ್ನು ನಂಬಿ ಯಾರೂ ಶಾಫ್ಟ್ ತೋಡುತ್ತಿರಲಿಲ್ಲ. ಆಳದಲ್ಲೂ ಕಾಲದಲ್ಲೂ ವ್ಯತ್ಯಾಸವಿತ್ತು. ಆರಂಭದ ವರ್ಷಗಳಲ್ಲಿ ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಚಿನ್ನ ಕೊಟ್ಟ ಗಣಿ, 2001ರ ಫೆಬ್ರುವರಿ 28ರಂದು ಮುಚ್ಚುವ ಹೊತ್ತಿಗೆ 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಗೆಳೆಯನೊಬ್ಬನಿಗೆ ಒಂದು ಕೋಚಿಂಗ್ ಸೆಂಟರ್‌ನಿಂದ ಕೆಲಸ ಸಿಕ್ಕಿತು ಎಂದಾಗ ಕೇಳಿಕೊಳ್ಳಿ: ಇದು ಅನ್ನದ ಪಾತ್ರೆಯೋ, ಅದಿರಿನ ಪದರವೋ? ಅಲ್ಲಿ ಸೇರಿದ ಇನ್ನೂ ಹತ್ತು ಜನರನ್ನು ವಿಚಾರಿಸಿ.

• ಕಣ್ಣಿಗೆ ಬೀಳದವರನ್ನೂ ಲೆಕ್ಕಕ್ಕೆ ಹಿಡಿಯಿರಿ. 'ಮೂವತ್ತು ವರ್ಷ ಧೂಳು ಕುಡಿದೆ, ನನಗೇನೂ ಆಗಲಿಲ್ಲ' ಎನ್ನುವ ಹಿರಿಯರು ನಮ್ಮ ಕಡೆ ಸಿಗುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಮಾತಾಡಲು ಉಳಿದವರು ಅವರು. 1940ರಿಂದ 1946ರ ನಡುವೆ ನಮ್ಮ ಗಣಿಗಳ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ 3,402 ಜನರಲ್ಲಿ ಸಿಲಿಕೋಸಿಸ್ ಕಂಡಿತು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಎದೆಯೊಳಗೆ ಕಲ್ಲಿನ ಧೂಳು ಕೂತಿತ್ತು. ಕೆಮ್ಮಿ ಕೆಮ್ಮಿ ಕೆಲಸ ಬಿಟ್ಟು ಊರಿಗೆ ಹೋದವರು, ಬೇಗ ತೀರಿಕೊಂಡವರು ಇಂದಿನ ಹರಟೆಯಲ್ಲಿ ಇಲ್ಲ. ಹೆಲ್ಮೆಟ್ ಇಲ್ಲದೆ ವರ್ಷಗಟ್ಟಲೆ ಗಾಡಿ ಓಡಿಸಿದೆ ಎನ್ನುವವರ ಮಾತಿಗೂ, ಮಾಸ್ಕ್ ಇಲ್ಲದೆ ಕಲ್ಲು ಕತ್ತರಿಸಿದೆ ಎನ್ನುವವರ ಮಾತಿಗೂ ಇದೇ ಪ್ರಶ್ನೆ ಹಾಕಿ: ಹಾಗೆ ಮಾಡಿದ ಉಳಿದವರು ಈಗ ಎಲ್ಲಿದ್ದಾರೆ?

• ಕೊಳವೆಬಾವಿ ಕೊರೆಸುವ ಮೊದಲು ಕಾಗದದ ಮೇಲೆ ನಾಲ್ಕು ಚೌಕ ಬರೆಯಿರಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ, ಬೇವಿನ ಕವೆ ಹಿಡಿದೋ ನೀರು ತೋರಿಸುವವರನ್ನು ನಮ್ಮ ಜಿಲ್ಲೆಯಲ್ಲಿ ಇಂದಿಗೂ ಕರೆಸುತ್ತಾರೆ. 'ಅವರು ತೋರಿಸಿದ ಕಡೆ ನೀರು ಬಿತ್ತು' ಎಂಬ ಮಾತು ಊರೆಲ್ಲ ಹರಡುತ್ತದೆ. ಅದು ಮೊದಲನೆಯ ಚೌಕ. ಇದೆ ಎಂದರು, ಬರಲಿಲ್ಲ ಎಂಬುದು ಎರಡನೆಯದು. ಸಾಲ ಮಾಡಿ ಸಾವಿರ ಅಡಿ ಕೊರೆಸಿ ಒಣಗಿದ ಬಾವಿಯ ಸುದ್ದಿ ಆ ಮನೆಯೊಳಗೇ ಉಳಿಯುತ್ತದೆ. ಇಲ್ಲ ಎಂದರು, ಇತ್ತು ಎಂಬುದು ಮೂರನೆಯದು. ಇಲ್ಲ ಎಂದರು, ಇರಲಿಲ್ಲ ಎಂಬುದು ನಾಲ್ಕನೆಯದು. ಇಲ್ಲ ಎಂದ ಕಡೆ ಯಾರೂ ಕೊರೆಸುವುದಿಲ್ಲವಾದ್ದರಿಂದ ಕೊನೆಯ ಎರಡು ಚೌಕ ಖಾಲಿಯೇ ಇರುತ್ತವೆ. ಒಂದೇ ಚೌಕ ತುಂಬಿ, ಮೂರು ಖಾಲಿ ಇರುವಾಗ ಹುಟ್ಟುವ ನಂಬಿಕೆಗೆ ಲಕ್ಷಗಟ್ಟಲೆ ಹಣ ಸುರಿಯಬೇಡಿ. ಭೂವಿಜ್ಞಾನಿಯ ಸಲಹೆ ಪಡೆದರೂ ಇದೇ ಲೆಕ್ಕ ಕೇಳಿ. ಎಷ್ಟು ಕಡೆ ಹೇಳಿದಿರಿ, ಎಷ್ಟು ಕಡೆ ಬಿತ್ತು ಎಂದು ಯಾರನ್ನು ಕೇಳಿದರೂ ತಪ್ಪಿಲ್ಲ.

• ಇದೇ ಬೆಲೆಯನ್ನು ಇನ್ನೆಷ್ಟು ಜನ ನೋಡುತ್ತಿದ್ದಾರೆ ಎಂದು ಯೋಚಿಸಿ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ 2,000 ರೂಪಾಯಿ ದಾಟಿತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಇಂದಿನ ಬೆಲೆ ನೋಡಿ ನಾಳೆಯ ಬೆಲೆ ಹೇಳುವುದು ದುಡುಕಿನ ಅನುಗಮನ. ಅದನ್ನು ನಿಗಮನದಿಂದ ತಿದ್ದಿಕೊಳ್ಳಬಹುದು. ಸಸಿ ನೆಟ್ಟ ಮೇಲೆ ಕೊಯ್ಲಿಗೆ ಎರಡು ತಿಂಗಳಾದರೂ ಬೇಕು. ಬೆಲೆ ಏರಿದ್ದು ನನ್ನೊಬ್ಬನಿಗೇ ಕಾಣುತ್ತಿಲ್ಲ, ಮುಳಬಾಗಿಲು, ಶ್ರೀನಿವಾಸಪುರ, ಮದನಪಲ್ಲಿಯವರೂ ನೋಡುತ್ತಿದ್ದಾರೆ. ಎಲ್ಲರೂ ಒಟ್ಟಿಗೆ ನೆಟ್ಟರೆ ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬರುತ್ತದೆ. ಹಾಗಾಗಿ ಬೆಲೆ ಏರಿದ ವಾರ ನರ್ಸರಿಗೆ ಹೋಗಿ, ಸಸಿಗೆ ಎಷ್ಟು ಜನ ಮುಂಗಡ ಕೊಟ್ಟಿದ್ದಾರೆ ಎಂದು ವಿಚಾರಿಸಿ. ಮಂಡಿಯ ಬೋರ್ಡಿಗಿಂತ ನರ್ಸರಿಯ ಪುಸ್ತಕ ನಾಳೆಯ ಬೆಲೆಯನ್ನು ಚೆನ್ನಾಗಿ ತಿಳಿಸುತ್ತದೆ.

• ಬಣ್ಣ ನೋಡಿ ಖಾರ ಹೇಳಬೇಡಿ. ಬಂಗಾರಪೇಟೆಯ ಪಾನಿಪುರಿಯ ನೀರು ಕುಡಿಯುವ ನೀರಿನಷ್ಟೇ ತಿಳಿ. ಹೊರಗಿನಿಂದ ಬಂದವರು ಹಸಿರು ಪಾನಿ ತಿಂದು ರೂಢಿಯಾದವರು. ಹಸಿರಿದ್ದರೆ ಖಾರ, ಬಣ್ಣವಿಲ್ಲದಿದ್ದರೆ ಸಪ್ಪೆ ಎಂಬ ನಿಯಮ ಅವರ ಮನಸ್ಸಿನಲ್ಲಿ ತಾನಾಗಿ ಕಟ್ಟಿಕೊಂಡಿರುತ್ತದೆ. ಮೊದಲ ಪೂರಿಗೇ ಕಣ್ಣಲ್ಲಿ ನೀರು. ನೂರು ಸಲ ನಿಜವಾದ ನಿಯಮವೂ ಒಂದು ತುತ್ತಿನಲ್ಲಿ ಬೀಳಬಹುದು. ಬಿದ್ದಾಗ ಅದನ್ನು ಪೂರ್ತಿ ಎಸೆಯಬೇಕಾಗಿಲ್ಲ. ಎಲ್ಲಿಯವರೆಗೆ ನಿಜ ಎಂಬ ಗಡಿ ಹಾಕಿಕೊಳ್ಳಿ. 'ನಾನು ತಿಂದ ಊರುಗಳಲ್ಲಿ' ಎಂಬ ಮೂರು ಪದ ಸೇರಿಸಿದರೆ ಎಷ್ಟೋ ತಪ್ಪು ನಿಯಮಗಳು ಸರಿಯಾಗುತ್ತವೆ.

• ಒಂದರ ಬೆನ್ನಿಗೆ ಇನ್ನೊಂದು ನಡೆದರೆ ಮೊದಲನೆಯದೇ ಕಾರಣ ಎನ್ನಬೇಡಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ನೆಗಡಿಗೆ ಕಷಾಯ ಕುಡಿದಿರಿ, ವಾರದಲ್ಲಿ ವಾಸಿಯಾಯಿತು. ಕುಡಿಯದವರಿಗೂ ವಾರದಲ್ಲೇ ವಾಸಿಯಾಯಿತಲ್ಲ? ಕಷಾಯ ಬಿಡಿ ಎಂದು ನಾನು ಹೇಳುತ್ತಿಲ್ಲ, ಗಂಟಲಿಗೆ ಹಿತ. ಆದರೆ ಡೆಂಗಿಯಂತಹ ಜ್ವರದಲ್ಲಿ ಯಾವುದೋ ಎಲೆಯ ರಸವನ್ನು ನಂಬಿ ಆಸ್ಪತ್ರೆಗೆ ತಡಮಾಡಿದರೆ ಜೀವಕ್ಕೇ ಕುತ್ತು. ಮಾಡಿದವರನ್ನು ಮಾತ್ರ ನೋಡದೆ, ಮಾಡದವರಿಗೆ ಏನಾಯಿತು ಎಂದೂ ಕೇಳಿ.

• ಅನುಭವದ ನಿಯಮ ಸಾಧ್ಯತೆ ಹೇಳುತ್ತದೆ, ದಿನ ಗಂಟೆ ಹೇಳುವುದಿಲ್ಲ. ಗಣಿಯ ಆಳದಲ್ಲಿ ಒತ್ತಡ ತಾಳದೆ ಬಂಡೆ ತಾನೇ ಸಿಡಿಯುತ್ತಿತ್ತು. ಹಳಬರ ಬಾಯಲ್ಲಿ ಅದು 'ಏರ್ ಬ್ಲಾಸ್ಟ್', ಈಗಿನವರಿಗೆ ರಾಕ್ ಬರ್ಸ್ಟ್. ಅದರ ನಡುಕ ದಾಖಲಿಸಲು 1912ರಲ್ಲೇ ಕೆಜಿಎಫ್‌ನಲ್ಲಿ ಭೂಕಂಪಮಾಪಕ ಕೂರಿಸಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲೇ ಆರಂಭವಾಯಿತು. ಇಷ್ಟೆಲ್ಲ ದಾಖಲೆಯಿಂದ ಯಾವ ಜಾಗ ಅಪಾಯಕಾರಿ, ಯಾವ ರೀತಿ ಅಗೆದರೆ ಒತ್ತಡ ಹೆಚ್ಚು ಎಂಬುದು ತಿಳಿಯುತ್ತಾ ಬಂತು. ಇಂಥ ದಿನ ಇಷ್ಟು ಹೊತ್ತಿಗೆ ಸಿಡಿಯುತ್ತದೆ ಎಂದು ಹೇಳಲಾಗಲಿಲ್ಲ. ಹಾಗೆಂದು ದಾಖಲೆ ವ್ಯರ್ಥವಾಗಲಿಲ್ಲ. ಅಪಾಯದ ಜಾಗದಲ್ಲಿ ಆಧಾರ ಬಲಪಡಿಸಲು ಅಷ್ಟು ತಿಳಿವಳಿಕೆ ಸಾಕಿತ್ತು. ಮುಂದೇನು ಎಂದು ಖಚಿತವಾಗಿ ಹೇಳುವವರಿಗಿಂತ, ಏನಾದರೂ ಆದರೆ ಏನು ಮಾಡಬೇಕು ಎಂದು ಸಿದ್ಧವಾಗಿರುವವರ ಜೊತೆ ನಿಲ್ಲಿ.

ನಿಯಮದಿಂದ ತೀರ್ಮಾನಕ್ಕೆ ಇಳಿಯುವಾಗ

• ಹೊಗೆಯೋ ಧೂಳೋ ಮೊದಲು ನೋಡಿ. ನಮ್ಮ ನ್ಯಾಯಶಾಸ್ತ್ರದವರು ಸಾವಿರಾರು ವರ್ಷಗಳಿಂದ ಪಾಠ ಹೇಳುತ್ತಿರುವ ಉದಾಹರಣೆ ಇದು: ಗುಡ್ಡದ ಮೇಲೆ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ. ತರ್ಕದಲ್ಲಿ ತಪ್ಪಿಲ್ಲ. ಆದರೆ ಕಂಡದ್ದು ಹೊಗೆಯೇ ಹೌದೇ ಎಂದು ಅವರೇ ಎಚ್ಚರಿಸಿದ್ದಾರೆ. ದೂರದ ಮಂಜು, ಎದ್ದ ಧೂಳು ಹೊಗೆಯಂತೆ ಕಂಡು ಮೋಸ ಮಾಡಬಹುದು. ಈ ಮಾತು ನಮ್ಮಷ್ಟು ಚೆನ್ನಾಗಿ ಇನ್ಯಾರಿಗೆ ಅರ್ಥವಾದೀತು? ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಕೆಜಿಎಫ್ ಸುತ್ತ ಸೈನೈಡ್ ದಿಬ್ಬಗಳಾಗಿ ನಿಂತಿದೆ, ಮೂರು ಕೋಟಿ ಟನ್‌ಗೂ ಹೆಚ್ಚು. ಆಷಾಢದ ಗಾಳಿಗೆ ಅದರಿಂದ ಬಿಳಿ ಧೂಳು ಎದ್ದಾಗ ದೂರದಿಂದ ನೋಡಿದವರಿಗೆ ಗುಡ್ಡ ಹೊಗೆಯಾಡಿದಂತೆ ಕಾಣುತ್ತದೆ. ಬೆಂಕಿ ಎಲ್ಲೂ ಇಲ್ಲ. ನಿಯಮ ಸರಿ, ಹಚ್ಚುವ ರೀತಿ ಸರಿ, ಕಂಡದ್ದೇ ಬೇರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋ ನೋಡಿ ಸಿಟ್ಟು ಬಂದಾಗ ಮೊದಲು ಇದನ್ನೇ ಕೇಳಿ: ಇದು ಯಾವ ಊರಿನದು, ಯಾವಾಗಿನದು?

• ನಿಯಮವನ್ನು ತಲೆಕೆಳಗು ಮಾಡಬೇಡಿ. ಕರೆಂಟ್ ಹೋದರೆ ತೋಟದ ಮೋಟರ್ ನಿಲ್ಲುತ್ತದೆ ಎಂಬುದು ನಿಜ. ಮೋಟರ್ ನಿಂತಿದೆ, ಹಾಗಾದರೆ ಕರೆಂಟ್ ಹೋಗಿದೆ ಎಂಬುದು ನಿಜವಾಗಬೇಕಿಲ್ಲ. ಸ್ಟಾರ್ಟರ್ ಬಿದ್ದಿರಬಹುದು, ಕೇಬಲ್ ಸುಟ್ಟಿರಬಹುದು, ಬಾವಿಯಲ್ಲಿ ನೀರೇ ತಳ ಕಂಡಿರಬಹುದು. ಒಂದೊಂದೇ ಕಾರಣ ತೆಗೆದುಹಾಕುತ್ತಾ ಬನ್ನಿ. ಅಲ್ಲೂ ಹುಷಾರು. ಮನೆಯ ದೀಪ ಉರಿಯುತ್ತಿದೆ, ಆದ್ದರಿಂದ ಕರೆಂಟ್ ಇದೆ ಎಂದುಕೊಂಡರೆ ಮತ್ತೆ ತಪ್ಪಬಹುದು. ದೀಪಕ್ಕೆ ಒಂದು ಫೇಸ್ ಸಾಕು, ಮೋಟರ್‌ಗೆ ಮೂರೂ ಬೇಕು. ಸ್ಟಾರ್ಟರ್‌ನ ಮೂರು ದೀಪಗಳೂ ಉರಿಯುತ್ತಿವೆಯೇ ನೋಡಿದ ಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಒಂದು ಸಂಜೆ, ಒಂದಷ್ಟು ದುಡ್ಡು ಎರಡೂ ಉಳಿಯುತ್ತವೆ.

• ಒಂದೇ ದಿಕ್ಕಿಗೆ ನಡೆಯುವ ನಿಯಮವನ್ನು ಗುರುತಿಸಿ. ಕೆಲಸ ಕೊಡಿಸುತ್ತೇವೆ ಎಂದು ಫೋನ್ ಮಾಡುವವರ ಕಾಟ ನಿಮಗೆ ಗೊತ್ತು. ಸಂಬಳ ಕೊಡುವ ಮರ್ಯಾದಸ್ಥ ಕಂಪನಿ ನಿಮ್ಮಿಂದ ಮುಂಗಡ ಕೇಳುವುದಿಲ್ಲ. ಇವರು ಐದು ಸಾವಿರ ಡೆಪಾಸಿಟ್ ಕೇಳಿದರು. ಹಾಗಾದರೆ ಇವರು ಆ ಸಾಲಿನವರಲ್ಲ. ಈ ತೀರ್ಮಾನ ಗಟ್ಟಿ, ಅಲ್ಲೇ ಫೋನ್ ಇಡಿ. ಆದರೆ ಇನ್ನೊಬ್ಬರು ದುಡ್ಡು ಕೇಳಲಿಲ್ಲ ಎಂದ ಮಾತ್ರಕ್ಕೆ ಅವರು ನಿಜವಾದವರು ಎಂದಾಗುವುದಿಲ್ಲ. ಇಂದು ಆಧಾರ್ ಪ್ರತಿ ಕೇಳಿದವರು, ನಾಳೆ ಒಟಿಪಿ ಕೇಳಬಹುದು. ಕೇಳಿದರೆ ಖಂಡಿತ ಮೋಸ, ಕೇಳದಿದ್ದರೆ ಇನ್ನೂ ವಿಚಾರಿಸಬೇಕು. ಈ ವ್ಯತ್ಯಾಸವನ್ನು ಮನೆಯ ತಂಗಿ ತಮ್ಮಂದಿರಿಗೂ ಹೇಳಿಕೊಡಿ.

• ನಿಯಮಕ್ಕೂ ಅವಧಿ ಇರುತ್ತದೆ, ನೆನಪಿಡಿ. ಕೆಜಿಎಫ್ ಕಡೆಯ ಮಾರಿಕುಪ್ಪಂ ನಿಲ್ದಾಣ ರೈಲು ಹಳಿಯ ಕೊನೆ. ಆದ್ದರಿಂದ ಅಲ್ಲಿಂದ ಹೊರಟ ರೈಲು ಬಂಗಾರಪೇಟೆಗೆ ಬರಲೇಬೇಕು. ನೂರು ವರ್ಷಕ್ಕೂ ಹೆಚ್ಚು ಕಾಲ ಇದಕ್ಕಿಂತ ಗಟ್ಟಿ ನಿಗಮನ ನಮ್ಮೂರಲ್ಲಿ ಇರಲಿಲ್ಲ. ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹೊಸ ಹಳಿ ಜೋಡಿದ ದಿನ ಈ ಮಾತು ಸುಳ್ಳಾಗುತ್ತದೆ. ಚೆನ್ನೈಯಿಂದ ಬೆಂಗಳೂರಿಗೆ ಹೋಗುವ ಗಾಡಿಗಳೆಲ್ಲ ಬಂಗಾರಪೇಟೆ ಜಂಕ್ಷನ್‌ನಲ್ಲಿ ನಿಲ್ಲುತ್ತವೆ ಎಂದುಕೊಂಡು ಶತಾಬ್ದಿಗೋ ವಂದೇ ಭಾರತ್‌ಗೋ ಟಿಕೆಟ್ ತೆಗೆದರೆ ಬೆಂಗಳೂರಿಗೆ ಹೋಗಿ ಹಿಂದೆ ಬರಬೇಕಾಗುತ್ತದೆ. ರೇಷನ್ ಕಾರ್ಡ್, ಸ್ಕಾಲರ್‌ಶಿಪ್, ಪಿಂಚಣಿ, ಬಸ್ ಪಾಸ್ ಇವುಗಳ ನಿಯಮ ಕಳೆದ ವರ್ಷ ಹೀಗಿತ್ತು ಎಂದು ಈ ವರ್ಷ ಹೋಗಿ ನಿಲ್ಲಬೇಡಿ. ಅರ್ಜಿ ಹಾಕುವ ಮೊದಲು ಈಗಿನ ನಿಯಮ ಯಾವುದು ಎಂದು ಕೇಳಿ ತಿಳಿಯಿರಿ.

• ಲೆಕ್ಕ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ. ಬಂಡೆ ಸಿಡಿಸುವಾಗ ಮದ್ದು ತುಂಬಿದ ಕುಳಿ ಎಷ್ಟು, ಕೇಳಿದ ಸದ್ದು ಎಷ್ಟು ಎಂದು ಗಣಿಯಲ್ಲಿ ಎಣಿಸುತ್ತಾರೆ. ಹನ್ನೆರಡು ಕುಳಿ, ಹನ್ನೊಂದು ಸದ್ದು ಎಂದರೆ ಒಂದು ಮದ್ದು ಇನ್ನೂ ಜೀವಂತ ಕೂತಿರಬಹುದು. ಎರಡು ಒಟ್ಟಿಗೆ ಸಿಡಿದು ಒಂದೇ ಸದ್ದಾಗಿರಲೂಬಹುದು. ಆ ಎರಡನೆಯ ಸಮಾಧಾನವನ್ನು ನಂಬಿ ಯಾರನ್ನೂ ಒಳಗೆ ಬಿಡುವುದಿಲ್ಲ. ಕಾಯ್ದು, ಹೋಗಿ ಪರೀಕ್ಷಿಸಿದ ಮೇಲೆಯೇ ಕೆಲಸ. ಶಿಫ್ಟ್ ಮುಗಿದಾಗ ಇಳಿದವರ ಲೆಕ್ಕಕ್ಕೂ ಹತ್ತಿದವರ ಲೆಕ್ಕಕ್ಕೂ ಒಂದು ವ್ಯತ್ಯಾಸ ಬಂದರೆ ಯಾರೋ ಕೆಳಗಿದ್ದಾರೆ ಎಂದೇ ಹೊರಡಬೇಕು. ಅಂಗಡಿಯ ಗಲ್ಲಾದಲ್ಲಿ, ಸಂಘದ ಚೀಟಿ ಲೆಕ್ಕದಲ್ಲಿ, ಪಿಕ್ನಿಕ್‌ಗೆ ಕರೆದೊಯ್ದ ಶಾಲಾ ಮಕ್ಕಳ ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ 'ಎಣಿಸಿದ್ದು ತಪ್ಪಿರಬೇಕು' ಎಂದು ಮುಂದೆ ಹೋಗಬೇಡಿ.

ಎರಡನ್ನೂ ಜೋಡಿಸುವಾಗ

• ಕೇಳಿದ್ದನ್ನು ತೊಳೆದು ನೋಡಿ. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಈ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಊರಮಾತು ಕೇಳಿದ. ನಂಬಲೂ ಇಲ್ಲ, ನಕ್ಕು ತಳ್ಳಲೂ ಇಲ್ಲ. ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಉರಿಗಾಂನ ಹಳ್ಳಿಗರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಊರಮಾತು ಅಂದಿನಿಂದ ದಾಖಲೆಯಾಯಿತು. ಸುದ್ದಿ ಕಿವಿಗೆ ಬಿದ್ದಾಗ ನಂಬುವುದು, ಬಿಡುವುದು ಎರಡೇ ದಾರಿ ಎಂದುಕೊಳ್ಳಬೇಡಿ. ಮೂರನೆಯದು ಪರೀಕ್ಷೆ. ಇದು ನಿಜವಾಗಿದ್ದರೆ ಇನ್ನೇನು ಕಾಣಬೇಕು ಎಂದು ಕೇಳಿ, ಹೋಗಿ ಅದನ್ನು ಹುಡುಕಿ.

• ಹಿಂದಿನವರ ಶ್ರಮವನ್ನೂ ಸಾಕ್ಷಿಯಾಗಿ ಓದಿ. 1880ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದ ಹಲವು ಕಂಪನಿಗಳು ಹಣ ಕಳೆದುಕೊಂಡವು. ಮೈಸೂರು ಗಣಿಯ ಬಂಡವಾಳವೂ ಮುಗಿಯುತ್ತಾ ಬಂದಿತ್ತು. ಆಗ ಪ್ಲಮರ್ ಎಂಬ ಗಣಿಗಾರ ಪ್ರಾಚೀನರು ತೋಡಿಬಿಟ್ಟ ಹಳೆಯ ಗುಂಡಿಗಳ ಜಾಡು ಹಿಡಿದು ಆಳಕ್ಕೆ ಇಳಿದ. ಯಂತ್ರವಿಲ್ಲದ ಕಾಲದ ಜನ ಕೈಯಲ್ಲೇ ಇನ್ನೂರು ಮುನ್ನೂರು ಅಡಿ ಬಂಡೆ ಒಡೆದಿದ್ದಾರೆಂದರೆ ಸುಮ್ಮನೆ ಒಡೆದಿರಲಾರರು. ಆ ಜಾಡಿನ ಕೆಳಗೆ ಸಿಕ್ಕಿದ್ದೇ ಚಾಂಪಿಯನ್ ಪದರ. ಹೊಸ ವ್ಯಾಪಾರಕ್ಕೆ, ಹೊಸ ಬೆಳೆಗೆ ಕೈಹಾಕುವಾಗ ಅಲ್ಲಿ ಮೊದಲಿದ್ದವರು ಏನು ಮಾಡಿದ್ದರು, ಎಲ್ಲಿ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎಂದು ಕೇಳಿ ತಿಳಿಯಿರಿ.

• ಸದ್ದಿಲ್ಲದಿರುವುದೂ ಸಾಕ್ಷಿಯೇ. ಈ ಮಾತಿಗೆ ಲೋಕವೇ ಒಪ್ಪಿದ ಉದಾಹರಣೆ ನಮ್ಮ ಕಾಲ ಕೆಳಗೇ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದ ಕೆಜಿಎಫ್ ಗಣಿಯೊಳಗೆ ಉಪಕರಣ ಇಳಿಸಿ, ಆಕಾಶದಿಂದ ಬರುವ ಮ್ಯೂಆನ್ ಎಂಬ ಕಣಗಳನ್ನು ಎಣಿಸಿದರು. ಆಳಕ್ಕೆ ಹೋದಷ್ಟೂ ಎಣಿಕೆ ಇಳಿಯಿತು. ಅದು ಅನುಗಮನ. ಅತ್ಯಂತ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ಬರಲಿಲ್ಲ. ಬೇರೆಯವರಾಗಿದ್ದರೆ ಪ್ರಯೋಗ ಮುಗಿಯಿತು ಎಂದು ಹೊರಡುತ್ತಿದ್ದರೇನೋ. ಇವರು ನಿಗಮನ ಹಿಡಿದರು. ಉಳಿದ ಕಣಗಳನ್ನೆಲ್ಲ ಬಂಡೆ ತಡೆಯುತ್ತದೆ, ನ್ಯೂಟ್ರಿನೊವನ್ನು ತಡೆಯಲಾರದು. ಹಾಗಾದರೆ ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಅಡ್ಡಡ್ಡವಾಗಿ, ಅಂದರೆ ಇನ್ನೂ ಹೆಚ್ಚು ಬಂಡೆ ದಾಟಿ ಬಂದ ಕಣವೊಂದು ಕಂಡರೆ ಅದು ನ್ಯೂಟ್ರಿನೊದಿಂದಲೇ ಹುಟ್ಟಿರಬೇಕು. 1965ರಲ್ಲಿ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್‌ನವರ ಜೊತೆಗೂಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಅದನ್ನು ಕಂಡರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಮೊದಲ ದರ್ಶನಗಳಲ್ಲಿ ಅದು ಒಂದು. ಖಾಲಿ ಪುಟ ಬಂದಾಗ ಬೇಸರಪಡುವ ಮೊದಲು, ಈ ಖಾಲಿತನ ಏನು ಹೇಳುತ್ತಿದೆ ಎಂದು ಕೇಳಿ.

• ದೊಡ್ಡ ತೀರ್ಮಾನವನ್ನು ಇನ್ನೊಬ್ಬರಿಂದಲೂ ತಟ್ಟಿಸಿ ನೋಡಿ. ಅದೇ ಆಳದಲ್ಲಿ 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡುವ ಪ್ರಯೋಗ ನಡೆಯಿತು. ಹಾಗೆ ಕಾಣುವ ಕೆಲವು ಘಟನೆಗಳನ್ನು ಇಲ್ಲಿನ ವಿಜ್ಞಾನಿಗಳು ಪ್ರಕಟಿಸಿದರು. ಅಮೆರಿಕ, ಜಪಾನುಗಳ ಇನ್ನೂ ದೊಡ್ಡ ಉಪಕರಣಗಳಲ್ಲಿ ಅದು ಕಾಣಲಿಲ್ಲ, ಜಗತ್ತು ಒಪ್ಪಲಿಲ್ಲ. ಇದರಿಂದ ನಮ್ಮವರ ಗೌರವ ಕಡಿಮೆಯಾಗಲಿಲ್ಲ. ಕಂಡದ್ದನ್ನು ಎಲ್ಲರ ಮುಂದಿಟ್ಟು ಪರೀಕ್ಷೆಗೆ ಒಡ್ಡುವುದೇ ವಿಜ್ಞಾನದ ನಡತೆ. ಮದುವೆ, ಮನೆ, ಸಾಲ, ಶಸ್ತ್ರಚಿಕಿತ್ಸೆ ಇಂಥ ದೊಡ್ಡ ವಿಷಯದಲ್ಲಿ, ನಿಮ್ಮ ಮಾತಿಗೆ ಹೂಂಗುಟ್ಟುವವರನ್ನು ಬಿಟ್ಟು ಬೇರೊಬ್ಬ ತಿಳಿದವರ ಅಭಿಪ್ರಾಯ ಪಡೆಯಿರಿ.

ಮನುಷ್ಯರ ವಿಷಯದಲ್ಲಿ

• ಮನುಷ್ಯರ ಬಗ್ಗೆ ಊಹಿಸುವ ಬದಲು ಅವರನ್ನೇ ಕೇಳಿ. ಕೆಜಿಎಫ್‌ನಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳುತ್ತವೆ. ತಮಿಳು ಮಾತಾಡಿದರು, ಹಾಗಾದರೆ ತಮಿಳುನಾಡಿನವರು ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ನಾಲ್ಕೈದು ತಲೆಮಾರಿನಿಂದ ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದ ಮನೆತನಗಳಿವೆ. ಬಂಡೆಯನ್ನು ಕೇಳಲಾಗದು, ಅದಕ್ಕೇ ತಟ್ಟುತ್ತೇವೆ. ಮನುಷ್ಯರಿಗೆ ಬಾಯಿದೆ.

• ನಿಮ್ಮ ಬಗ್ಗೆ ದುಡುಕಿನ ನಿಯಮ ಕಟ್ಟಿದವರಿಗೆ ಕುಗ್ಗಬೇಡಿ. 2018ರಲ್ಲಿ ಬಂದ ಸಿನಿಮಾದಿಂದ ನಮ್ಮೂರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆ ಕಥೆ ಕಲ್ಪನೆ ಎಂಬುದು ಎಷ್ಟೋ ಜನಕ್ಕೆ ಮರೆತುಹೋಯಿತು. ಇಂಟರ್‌ವ್ಯೂಗೆ ಹೋದಾಗ, ಬಾಡಿಗೆ ಮನೆ ಕೇಳಿದಾಗ ಕೆಜಿಎಫ್‌ನವರೇ ಎಂದು ಹುಬ್ಬೇರಿಸುವವರು ಸಿಗಬಹುದು. ಸಿಟ್ಟಾಗದೆ ನಿಜವಾದ ಸಂಗತಿಗಳನ್ನು ಹೇಳಿ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದ ಊರು, ಮೂರು ಕಿಲೋಮೀಟರ್ ಆಳಕ್ಕೆ ಇಳಿದು ದುಡಿದ ಜನ, 1964ರಿಂದ ಬೆಮೆಲ್‌ನ ಭಾರಿ ಯಂತ್ರ ಕಟ್ಟಿದ ಕೈಗಳು. ನಿಮ್ಮನ್ನು ನೋಡಿ ಅವರ ನಿಯಮ ಮುರಿಯಲಿ. ಅದೇ ನ್ಯಾಯವನ್ನು ನೀವೂ ಬೇರೆ ಊರಿನವರಿಗೆ, ಬೇರೆ ಜಾತಿ ಮತದವರಿಗೆ ತೋರಿಸಿ.

ದಿನದ ಅಭ್ಯಾಸಕ್ಕೆ

• ಒಂದು ಅಂದಾಜು ಪುಸ್ತಕ ಇಡಿ. ರಾತ್ರಿ ಮಲಗುವ ಮುನ್ನ ನಾಳೆಯ ಒಂದು ಊಹೆ ಬರೆಯಿರಿ: ರೈಲು ತಡವಾಗುತ್ತದೆ, ಮಳೆ ಬರುತ್ತದೆ, ಟೊಮ್ಯಾಟೊ ಬಾಕ್ಸ್‌ಗೆ ಇಷ್ಟು ಸಿಗುತ್ತದೆ. ಪಕ್ಕದಲ್ಲಿ ಹತ್ತಕ್ಕೆ ಎಷ್ಟು ಭರವಸೆ ಎಂದೂ ಬರೆಯಿರಿ. ಮರುದಿನ ಸರಿ ತಪ್ಪು ಹಾಕಿ. ಹತ್ತಕ್ಕೆ ಒಂಬತ್ತು ಎಂದು ಬರೆದ ಊಹೆಗಳಲ್ಲಿ ಅರ್ಧ ತಪ್ಪುತ್ತಿದ್ದರೆ ನಿಮ್ಮ ಭರವಸೆ ಸಾಕ್ಷಿಗಿಂತ ಮುಂದೆ ಓಡುತ್ತಿದೆ ಎಂದರ್ಥ. ಬಾಯಿಮಾತಿನಲ್ಲಿ ಇದು ತಿಳಿಯುವುದಿಲ್ಲ, ಬರೆದರೆ ಮಾತ್ರ ತಿಳಿಯುತ್ತದೆ.

• ಕಮ್ಮಸಂದ್ರದಲ್ಲಿ ಲಿಂಗ ಎಣಿಸುವ ದಾರಿ ಹುಡುಕಿ. ಕೋಟಿಲಿಂಗೇಶ್ವರಕ್ಕೆ ಹೋದಾಗ 108 ಅಡಿಯ ದೊಡ್ಡ ಲಿಂಗಕ್ಕೆ ಕೈಮುಗಿದ ಮೇಲೆ ಮಕ್ಕಳಿಗೆ ಒಂದು ಲೆಕ್ಕ ಕೊಡಿ: ಇಲ್ಲಿರುವ ಲಿಂಗಗಳನ್ನು ಒಂದೊಂದಾಗಿ ಎಣಿಸದೆ ಅಂದಾಜು ಮಾಡುವುದು ಹೇಗೆ? ಒಂದು ಸಾಲಿನಲ್ಲಿ ಎಷ್ಟು, ಅಂಥ ಸಾಲು ಎಷ್ಟು? ಚಿಕ್ಕ ಲಿಂಗಗಳ ಜಾಗ ಬೇರೆ, ದೊಡ್ಡವುಗಳ ಜಾಗ ಬೇರೆ, ಎರಡಕ್ಕೂ ಬೇರೆ ಲೆಕ್ಕ ಬೇಕಲ್ಲವೇ? ಇಬ್ಬರು ಬೇರೆ ಬೇರೆ ದಾರಿಯಲ್ಲಿ ಲೆಕ್ಕ ಹಾಕಿ ಹೋಲಿಸಲಿ. ಭಕ್ತಿಗೂ ಲೆಕ್ಕಕ್ಕೂ ಜಗಳವಿಲ್ಲ.

• ಎರಡನೆಯ ಕಾರಣ ಹುಡುಕದೆ ಸಿಟ್ಟಾಗಬೇಡಿ. ಗೆಳತಿ ಫೋನ್ ಎತ್ತಲಿಲ್ಲ, ಹಾಗಾದರೆ ಮುನಿಸು ಎಂದು ಮನಸ್ಸು ಓಡುತ್ತದೆ. ಚಾರ್ಜ್ ಮುಗಿದಿರಬಹುದು, ರೈಲಿನಲ್ಲಿ ಸಿಗ್ನಲ್ ಸಿಗದಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು. ಮೊದಲು ಹೊಳೆದ ಕಾರಣದ ಜೊತೆ ಇನ್ನೆರಡನ್ನು ಕೂರಿಸಿ, ಆಮೇಲೆ ಮಾತಾಡಿ. ಎಷ್ಟೋ ಮನೆಗಳ ಜಗಳ ಅಲ್ಲಿಗೇ ನಿಲ್ಲುತ್ತದೆ.

• ತೂಕ ನೋಡಿ ಮಾತಾಡಿ. ಕಣ್ಣಾರೆ ಕಂಡದ್ದಕ್ಕೆ 'ಕಂಡೆ' ಎನ್ನಿ, ಕೇಳಿದ್ದಕ್ಕೆ 'ಕೇಳಿದೆ' ಎನ್ನಿ, ಲೆಕ್ಕ ಹಾಕಿದ್ದಕ್ಕೆ 'ಇರಬೇಕು' ಎನ್ನಿ, ಊಹೆಗೆ 'ಇರಬಹುದು' ಎನ್ನಿ. ನಮ್ಮ ಭಾಷೆ ಇಷ್ಟು ಮೆಟ್ಟಿಲು ಕೊಟ್ಟಿರುವಾಗ ಎಲ್ಲದಕ್ಕೂ 'ಗ್ಯಾರಂಟಿ' ಎನ್ನುವುದು ಯಾಕೆ? ಹೀಗೆ ಮಾತಾಡುವವರ 'ಖಂಡಿತ' ಎಂಬ ಪದಕ್ಕೆ ಊರಲ್ಲಿ ಬೆಲೆ ಬರುತ್ತದೆ.

• ಕೊನೆಯದಾಗಿ, ಈ ತೀರ್ಮಾನ ತಪ್ಪಿದರೆ ಬೆಲೆ ತೆರುವವರು ಯಾರು ಎಂದು ಕೇಳಿಕೊಳ್ಳಿ. ಯಾವ ಅಂಗಡಿಯಲ್ಲಿ ಪಾನಿಪುರಿ ತಿನ್ನಬೇಕು ಎಂಬುದಕ್ಕೆ ಒಂದೇ ಸಾಕ್ಷಿ ಸಾಕು. ತಪ್ಪಿದರೆ ಹೋಗುವುದು ನಿಮ್ಮ ಜೇಬಿನ ಮೂವತ್ತೋ ನಲವತ್ತೋ ರೂಪಾಯಿ. ಅಪ್ಪನ ಜಮೀನು ಅಡವಿಟ್ಟು ಕೊಳವೆಬಾವಿ ಕೊರೆಸುವುದಕ್ಕೆ, ಒಬ್ಬ ಹುಡುಗಿಯ ನಡತೆಯ ಬಗ್ಗೆ ಮಾತಾಡುವುದಕ್ಕೆ, ಒಬ್ಬನನ್ನು ಕಳ್ಳ ಎಂದು ಕರೆಯುವುದಕ್ಕೆ ಒಂದು ಸಾಕ್ಷಿ ಸಾಲದು, ಹತ್ತಿದ್ದರೂ ಮತ್ತೆ ತಟ್ಟಿ ನೋಡಬೇಕು. ಬೆಲೆ ಬೇರೆಯವರು ತೆರುವಾಗ ಸಾಕ್ಷಿ ಇನ್ನೂ ಹೆಚ್ಚು ಗಟ್ಟಿ ಇರಲಿ. ಬುದ್ಧಿವಂತರಾಗಿ ಎಂದು ಹರಸುವವರು ನಿಮಗೆ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ತೀರ್ಮಾನದಿಂದ ಯಾರಿಗೂ ಅನ್ಯಾಯವಾಗದಿರಲಿ ಎಂಬುದು ನನ್ನ ಹರಕೆ.